ಗಂಗಾಧರಸ್ವಾಮಿಯವರ ಫೋಟೋ ನೋಡುವವನು

ಅನುಮಾನ ಪಡುವುದರಲ್ಲಿ ಮಂಗಳಮ್ಮನವರದು ಎತ್ತಿದ ಕೈ. ಮೂವತ್ತೆರಡು ವರ್ಷ ಶಾಲೆಯಲ್ಲಿ ಟೀಚರಾಗಿದ್ದವರಿಗೆ ಅದು ಬಾರದಿದ್ದರೆ ಹೇಗೆ? ಹೊಟ್ಟೆನೋವು ಎಂದು ಮಗು ಅತ್ತರೆ ಅವರು ಮೊದಲು ಹೋಂವರ್ಕ್ ಪುಸ್ತಕ ತೆಗೆಸುತ್ತಿದ್ದರು. ನಿವೃತ್ತಿಯಾದ ಮೇಲೆ ಹಾಲಿನವನು, ಟೈಲರು, ಗ್ಯಾಸ್ ಸಿಲಿಂಡರ್ ತರುವವನು ಎಲ್ಲರೂ ಅವರ ಪರೀಕ್ಷೆಗೆ ಕೂತವರೇ. ನಂಜನಗೂಡಿನಲ್ಲಿ ಅವರಿಂದ ಪೂರ್ತಿ ಪಾಸಾದವರು ಒಬ್ಬರೇ, ಗಂಡ ಗಂಗಾಧರಸ್ವಾಮಿ. ಸರ್ವೆ ಇಲಾಖೆಯಲ್ಲಿದ್ದ ಆ ಮನುಷ್ಯ ಊರವರ ಜಮೀನೆಲ್ಲ ಅಳೆದು, ಪಿಂಚಣಿ ತೆಗೆದುಕೊಂಡು ಎರಡು ವರ್ಷವಾಗುವಷ್ಟರಲ್ಲಿ, ೨೦೦೬ರ ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಎದೆನೋವೆಂದು ಕೂತವರು ಏಳಲಿಲ್ಲ. ಅವರ ಮೇಲೆ ಹೆಂಡತಿಗೆ ಬದುಕಿರುವಾಗ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಸತ್ತು ಎರಡೂವರೆ ವರ್ಷದ ಮೇಲೆ ಬಂತು. ಬಂದದ್ದು ಕಂಪ್ಯೂಟರಿನಿಂದ.

ಅದು ಹೇಗೆಂದು ಹೇಳಬೇಕಾದರೆ ಮೊದಲು ಕಪಿಲಾ ನೇತ್ರದಾನ ಸಮಿತಿಯ ವಿಷಯ ಹೇಳಬೇಕು. ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಬೀರು, ನಾಲ್ಕು ಕುರ್ಚಿ, ಇಷ್ಟೇ ಸಮಿತಿ. ಮಂಗಳಮ್ಮ ಅದರ ಕಾರ್ಯದರ್ಶಿ. ಸುತ್ತಮುತ್ತ ಎಲ್ಲಿ ಸಾವಾದರೂ ಆರು ಗಂಟೆಯೊಳಗೆ ಮನೆಯವರನ್ನು ಒಪ್ಪಿಸಿ, ಮೈಸೂರಿನ ಕಣ್ಣಿನ ಬ್ಯಾಂಕಿನವರನ್ನು ಕರೆಸಬೇಕು. ಆರು ಗಂಟೆ ದಾಟಿದರೆ ಕಣ್ಣು ಮಣ್ಣುಪಾಲು.

ಒಪ್ಪಿಸುವುದೇ ಕಷ್ಟ. ಅವರ ಲಿಂಗಾಯತ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆ ತುಂಬ ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದರೆ ಊರೆಲ್ಲ ಬಂದು ಮುಖ ನೋಡಿ ಕೈಮುಗಿದು ಹೋಗುತ್ತದೆ. ಸಮಾಧಿಗೆ ಇಳಿಸುವವರೆಗೂ ಆ ಮುಖ ಎಲ್ಲರ ಎದುರಿಗೇ ಇರಬೇಕು. ಹೆಮ್ಮರಗಾಲದ ಪುಟ್ಟಬಸಮ್ಮ ಒಮ್ಮೆ ನೇರವಾಗಿ ಕೇಳಿಬಿಟ್ಟಿದ್ದಳು. “ಕಣ್ಣು ಕಿತ್ರೆ ಮೊಕ ಏನಾದದು ಮೇಡಮ್ಮಾರೆ? ನೆಂಟ್ರು ನೋಡಿ ಎದ್ರುಕೊಳಕಿಲ್ವ?”

ಮಂಗಳಮ್ಮ ಅದಕ್ಕೆ ಭಾಷಣ ಮಾಡಲಿಲ್ಲ. ಪರ್ಸಿನಿಂದ ಗಂಡನ ಫೋಟೋ ತೆಗೆದು ತೋರಿಸಿದರು. ವಿಭೂತಿ ಹಚ್ಚಿಕೊಂಡು, ಹಾರ ಹಾಕಿಸಿಕೊಂಡು, ಕಣ್ಣು ಮುಚ್ಚಿ, ಊಟವಾದ ಮೇಲೆ ಒಂದು ಗಳಿಗೆ ಒರಗಿದವರಂತೆ ಕೂತಿದ್ದಾರೆ ಗಂಗಾಧರಸ್ವಾಮಿ. “ಇದು ಕಣ್ಣು ತೆಗೆದಾದ ಮೇಲೆ ಹಿಡಿದ ಫೋಟೋ ಕಣಮ್ಮ. ಎಲ್ಲಾದ್ರೂ ಗೊತ್ತಾಗುತ್ತಾ ಹೇಳು?” ಪುಟ್ಟಬಸಮ್ಮ ಫೋಟೋವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, ಮಾವನ ಕಣ್ಣು ಕೊಡಲು ಒಪ್ಪಿದಳು. ಹೀಗೆ ಆ ಒಂದು ಫೋಟೋದಿಂದ ಒಪ್ಪಿದ ಮನೆಗಳು ಹತ್ತಕ್ಕೂ ಹೆಚ್ಚು.

೨೦೦೮ರಲ್ಲಿ ಅಣ್ಣನ ಮಗಳು ಮಧುಶ್ರೀ ಕಾಲೇಜಿಗೆಂದು ಅವರ ಮನೆಗೆ ಬಂದಳು. ಬಂದ ತಿಂಗಳೊಳಗೇ ಅವಳಿಗೆ ಸಮಿತಿಯ ಹಳೇ ರೀತಿ ನೋಡಿ ತಲೆಕೆಟ್ಟಿತು.

“ಈ ಫೋಟೋನ ಪರ್ಸಲ್ಲಿಟ್ಕೊಂಡು ಇನ್ನೆಷ್ಟು ಮನೆ ಸುತ್ತೀರ ಅತ್ತೆ? ಆರ್ಕುಟ್‌ನಲ್ಲಿ ಹಾಕೋಣ. ಒಂದೇ ವಾರಕ್ಕೆ ಇನ್ನೂರು ಜನ ನೋಡ್ತಾರೆ.”

“ಇನ್ನೂರು ಜನ ನೋಡಿದ್ರು ಅಂತ ನಮಗೆ ಹೇಗೆ ಗೊತ್ತಾಗುತ್ತೆ?”

“ಯಾರ್ಯಾರು ಬಂದು ನೋಡಿ ಹೋದ್ರು ಅಂತ ಅದೇ ಹೆಸರು ತೋರಿಸುತ್ತೆ.”

ನೋಡುವವರನ್ನು ನಾವು ನೋಡಬಹುದು ಎಂಬ ಈ ಒಂದು ಮಾತಿಗೆ ಮಂಗಳಮ್ಮ ಒಪ್ಪಿಬಿಟ್ಟರು.

ಕಂಪ್ಯೂಟರಿನಲ್ಲಿ ಗೆಳೆಯರನ್ನು ಕೂಡಿಸುವ ಆ ಆರ್ಕುಟ್ಟಿನವರಿಗೆ ಸಮಿತಿ ಎಂದರೆ ಏನೆಂದು ಗೊತ್ತಿರಲಿಲ್ಲ. ಸೇರುವವರು ಗಂಡೋ ಹೆಣ್ಣೋ, ಮದುವೆಯಾಗಿದೆಯೋ, ವಯಸ್ಸೆಷ್ಟು ಎಂದು ಕೇಳಿದರು. ಸಮಿತಿ ಶುರುವಾಗಿ ಇಪ್ಪತ್ತೊಂದು ವರ್ಷವಾಗಿದ್ದರಿಂದ ಮಧುಶ್ರೀ ‘ಹೆಣ್ಣು, ಇಪ್ಪತ್ತೊಂದು ವರ್ಷ’ ಎಂದು ತುಂಬಿದಳು. ಎರಡೇ ದಿನದಲ್ಲಿ ಮೈಸೂರಿನ ಮೂವರು ಹುಡುಗರು ನೇತ್ರದಾನ ಸಮಿತಿಗೆ ‘ನನ್ನ ಫ್ರೆಂಡ್ ಆಗ್ತೀರಾ’ ಎಂದು ಬರೆದರು. ಮಧುಶ್ರೀ ಅವರನ್ನೂ ಬಿಡಲಿಲ್ಲ. ಫ್ರೆಂಡ್ ಆಗಬೇಕಾದರೆ ಕಣ್ಣು ಕೊಡುವ ಪ್ರತಿಜ್ಞಾ ಪತ್ರ ತುಂಬಿ ಅಂಚೆಗೆ ಹಾಕಿ ಎಂದಳು. ಇಬ್ಬರು ಹಾಕಿದರು.

ಹುಡುಗಿ ಚುರುಕು. ಬರೆದವರಿಗೆಲ್ಲ ಅದೇ ದಿನ ಉತ್ತರ ಹಾಕುತ್ತಿದ್ದಳು. ಸದಸ್ಯರ ಹುಟ್ಟುಹಬ್ಬ ನೆನಪಿಟ್ಟು ಅವರವರ ಪುಟದಲ್ಲಿ ಸ್ಕ್ರ್ಯಾಪ್ ಎಂಬ ಸಂದೇಶ ಬರೆಯುತ್ತಿದ್ದಳು. ಉಪದೇಶ ಮಾಡುತ್ತಿರಲಿಲ್ಲ, ‘ಕನ್ನಡಕ ಹಾಕುವವರೂ ಕಣ್ಣು ಕೊಡಬಹುದು, ನಿಮ್ಮ ಅಜ್ಜಿಗೆ ಹೇಳಿ’ ಎಂಬಂಥ ಒಂದೊಂದು ಸಾಲು ಮಾತ್ರ. ಎರಡು ತಿಂಗಳಲ್ಲಿ ಮುನ್ನೂರೈವತ್ತು ಜನ ಸೇರಿದರು. ಮಂಗಳಮ್ಮ ಬಸ್ಸು ಹತ್ತಿ ಇಳಿದು ಮಂಡಿ ಸವೆಸಿಕೊಂಡರೂ ಒಂದು ವರ್ಷಕ್ಕೆ ಬಾರದಷ್ಟು ಪತ್ರಗಳು ಆ ಎರಡು ತಿಂಗಳಲ್ಲಿ ಬಂದವು. ಸಂತೋಷವಾಯಿತು, ಅದರ ಜೊತೆಗೇ ಅನುಮಾನವೂ ಆಯಿತು. ಮುಖ ಕಾಣದ ಜನ, ಹೂವಿನದೋ ಸಿನಿಮಾ ನಟಿಯದೋ ಚಿತ್ರ ಹಾಕಿಕೊಂಡವರು, ಇವರೆಲ್ಲ ನಿಜವಾಗಿ ಇದ್ದಾರೆಯೇ? ದಿನಾ ಸಂಜೆ ಸೈಬರ್ ಸೆಂಟರಿನಲ್ಲಿ ಸೋದರಸೊಸೆಯ ಪಕ್ಕ ಕುರ್ಚಿ ಎಳೆದುಕೊಂಡು ಬಂದುಹೋದವರ ಪಟ್ಟಿಯನ್ನು ಹಾಜರಿ ಪುಸ್ತಕದಂತೆ ಓದುತ್ತಿದ್ದರು.

ಹೆಚ್ಚು ಜನ ನೋಡುತ್ತಿದ್ದದ್ದು ಆಲ್ಬಮ್ಮನ್ನು. ಮನೆಯವರು ಒಪ್ಪಿದ ಹದಿನಾಲ್ಕು ಫೋಟೋಗಳನ್ನು ಅದರಲ್ಲಿ ಹಾಕಿದ್ದರು. ಎಲ್ಲರೂ ಕೂತವರು, ಎಲ್ಲರ ಮುಖವೂ ಮುಕ್ಕಾಗದೆ ಇದ್ದದ್ದು. ಪ್ರತಿಯೊಂದರ ಕೆಳಗೂ ಸತ್ತವರ ಆರಾಧನೆಯ ಕಾರ್ಡಿನಲ್ಲಿ ಅಚ್ಚು ಹಾಕಿಸುವ ಹಾಗೇ ‘ಲಿಂಗೈಕ್ಯ ಶ್ರೀ ಇಂಥವರು, ಇಂಥ ಊರು, ಇಂಥ ದಿನಾಂಕ’ ಎಂದು ಬರೆಸಿದ್ದು ಮಂಗಳಮ್ಮನವರೇ. ದಿನಾಂಕವಿಲ್ಲದೆ ಲಿಂಗೈಕ್ಯರ ಫೋಟೋ ಹಾಕುವುದುಂಟೇ? ಕೊಟ್ಟವರು ಯಾರು, ಪಡೆದವರು ಯಾರು ಎಂದು ಒಬ್ಬರಿಗೊಬ್ಬರು ತಿಳಿಯಬಾರದೆಂಬ ನಿಯಮವನ್ನು ಬೇರೆಯವರಿಗೆ ಕಲಿಸುತ್ತಿದ್ದ ಟೀಚರಿಗೆ ಅಲ್ಲಿ ತಾವೇ ಎಡವಿದ್ದೇವೆಂದು ಹೊಳೆಯಲಿಲ್ಲ.

ಆಗಸ್ಟ್ ಕೊನೆಯಲ್ಲಿ ಮಧುಶ್ರೀ ಹೇಳಿದಳು. “ಅತ್ತೆ, ಇವನೊಬ್ಬ ದಿನಾ ಬರ್ತಾನೆ ನೋಡಿ. ಅಮೃತೇಶ್, ಟಿ. ನರಸೀಪುರ. ನಮ್ಮ ಕಮ್ಯುನಿಟಿಗೂ ಸೇರಲ್ಲ, ಫಾರ್ಮೂ ಕೇಳಲ್ಲ. ಸುಮ್ನೆ ಬಂದು ನೋಡಿ ಹೋಗ್ತಾನೆ.”

“ವಯಸ್ಸು?”

“ಇಪ್ಪತ್ನಾಲ್ಕು ಅಂತ ಹಾಕಿದಾನೆ. ಫೋಟೋ ಇಲ್ಲ.”

ಕಣ್ಣಿನ ದಲ್ಲಾಳಿ ಇರಬಹುದು ಎಂಬುದು ಮಂಗಳಮ್ಮನವರ ಮೊದಲ ತೀರ್ಮಾನ. ಮರುದಿನ ಅವನು ಫೋಟೋ ಒಂದರ ಕೆಳಗೆ ಎರಡು ಸಾಲು ಬರೆದಿದ್ದ. ಇಂಗ್ಲಿಷ್ ಅಕ್ಷರದಲ್ಲಿದ್ದ ಕನ್ನಡವನ್ನು ಮಧುಶ್ರೀ ಓದಿ ಹೇಳಿದಳು. ‘ಇವರ ಬೇರೆ ಫೋಟೋ ಇದೆಯಾ? ಇವರಿಗೆ ಮಕ್ಕಳು ಎಷ್ಟು ಜನ?’

ಆ ಫೋಟೋ ಗಂಗಾಧರಸ್ವಾಮಿಯವರದು.

ಮಂಗಳಮ್ಮ ಆ ಎರಡು ಸಾಲನ್ನು ಇನ್ನೊಮ್ಮೆ ಓದಿಸಿದರು. ಸೊಸೆಯ ಎದುರು ಏನೂ ತೋರಗೊಡದೆ, “ತಲೆಹರಟೆ ಇರಬೇಕು, ಉತ್ತರ ಕೊಡಬೇಡ” ಎಂದು ಮನೆಗೆ ಬಂದರು. ಆದರೆ ತಲೆಯೊಳಗೆ ಹುಳ ಹೊಕ್ಕಿತ್ತು. ಗಂಡ ಟಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿದ್ದದ್ದು ಎಂಬತ್ತೆರಡರಿಂದ ಎಂಬತ್ತೆಂಟರವರೆಗೆ. ಅಲ್ಲೇ ಒಂದು ರೂಮು ಮಾಡಿಕೊಂಡು ಶನಿವಾರ ಮಾತ್ರ ಮನೆಗೆ ಬರುತ್ತಿದ್ದರು. ಇಪ್ಪತ್ನಾಲ್ಕು ವರ್ಷದವನೆಂದರೆ ಹುಟ್ಟಿದ್ದು ಎಂಬತ್ನಾಲ್ಕರಲ್ಲಿ. ಕೂಡಿ ಕಳೆಯುವ ಲೆಕ್ಕವನ್ನು ಮಕ್ಕಳಿಗೆ ಕಲಿಸಿದವರಿಗೆ ಇದು ಯಾವ ಮಹಾ ಲೆಕ್ಕ?

ಮಂಗಳಮ್ಮನವರಿಗೆ ಮಕ್ಕಳಾಗಲಿಲ್ಲ. ಕೊರತೆ ನಿಮ್ಮಲ್ಲೇ ಇದೆ ಎಂದು ಡಾಕ್ಟರು ಅವರಿಗೇ ಹೇಳಿದ್ದರು. ಗಂಗಾಧರಸ್ವಾಮಿ ಆ ದಿನ ಹೆಂಡತಿಯನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆದೋಸೆ ತಿನ್ನಿಸಿ, ಆಮೇಲೆ ಬದುಕಿದಷ್ಟು ಕಾಲ ಆ ಮಾತನ್ನೇ ಎತ್ತಲಿಲ್ಲ. ಈ ಒಳ್ಳೆಯತನವನ್ನು ನೆನೆದು ಮಂಗಳಮ್ಮ ಎಷ್ಟೋ ಸಲ ಕಣ್ಣೊರೆಸಿಕೊಂಡಿದ್ದರು. ಈಗ ಅದೇ ಅವರಿಗೆ ಮುಳ್ಳಾಯಿತು. ಯಾಕೆ ಎತ್ತಲಿಲ್ಲ? ಮಗು ಬೇಡದ ಗಂಡಸು ಎಲ್ಲಿದ್ದಾನೆ? ಬೇರೆ ಕಡೆ ಇದ್ದರೆ ತಾನೆ ಸುಮ್ಮನಿರಲು ಸಾಧ್ಯ?

ಒಂದು ಸಲ ಹೊಕ್ಕ ಅನುಮಾನಕ್ಕೆ ಮೇವು ತಾನಾಗಿ ಸಿಗುತ್ತದೆ. ರೂಮಿನ ಓನರು ಸುಬ್ಬಲಕ್ಷ್ಮಮ್ಮ ಎಂಬ ವಿಧವೆ. ಅವಳ ಮಜ್ಜಿಗೆಹುಳಿಯನ್ನು ಗಂಡ ಆಗಾಗ ಹೊಗಳುತ್ತಿದ್ದರು. ಬರೀ ಮಜ್ಜಿಗೆಹುಳಿಯೇ? ಎಂಬತ್ತೈದರಲ್ಲಿ ಮೂರು ಶನಿವಾರ ಮನೆಗೆ ಬರಲಿಲ್ಲ, ಹೊಳೆ ತುಂಬಿ ಬಸ್ಸು ನಿಂತಿದೆ ಎಂದು ಹೇಳಿಕಳಿಸಿದ್ದರು. ಹೊಳೆ ನಿಜವಾಗಿ ತುಂಬಿತ್ತೋ ಇಲ್ಲವೋ ಈಗ ಯಾರನ್ನು ಕೇಳುವುದು? ಮಂಗಳಮ್ಮ ಟ್ರಂಕಿನಲ್ಲಿದ್ದ ಹಳೇ ಕಾಗದಗಳನ್ನೆಲ್ಲ ಹರಡಿಕೊಂಡು ಒಂದೊಂದನ್ನೂ ಓದಿದರು. ಏನೂ ಸಿಗಲಿಲ್ಲ. ಏನೂ ಸಿಗದಿದ್ದದ್ದೇ ಇನ್ನಷ್ಟು ಅನುಮಾನಕ್ಕೆ ಕಾರಣವಾಯಿತು. ಅಳತೆ ಗೊತ್ತಿದ್ದ ಮನುಷ್ಯ, ಗೆರೆ ಕಾಣದ ಹಾಗೆ ಒರೆಸಿದ್ದಾರೆ ಎಂದುಕೊಂಡರು.

ಮೂರನೆಯ ದಿನ ಬೆಳಿಗ್ಗೆ ದೀಪ ಹಚ್ಚಲು ಹೋದವರು ನಡುಮನೆಯ ಗೋಡೆಯ ಮೇಲಿದ್ದ ಗಂಡನ ಫೋಟೋ ಮುಂದೆ ನಿಂತರು. ಕೈಯಲ್ಲಿ ದಿನಾ ಇಡುವ ಕಣಗಿಲೆ ಹೂವಿತ್ತು. ಇಡಲು ಕೈ ಬರಲಿಲ್ಲ. ಫೋಟೋ ಇಳಿಸಿ, ಟವೆಲ್ ಸುತ್ತಿ, ಬೀರುವಿನ ಕೆಳಗಿನ ಖಾನೆಯಲ್ಲಿಟ್ಟರು. ಮಧುಶ್ರೀ ಕೇಳಿದಾಗ ಫ್ರೇಮಿಗೆ ಗೆದ್ದಲು ಹಿಡಿದಿದೆ ಎಂದರು.

ಆ ಸಾಲುಗಳಿಗೆ ಉತ್ತರ ಹೋಗದಿದ್ದರೂ ಅಮೃತೇಶ ಬರುವುದು ಬಿಡಲಿಲ್ಲ. ಒಂದು ದಿನ ಸ್ಕ್ರ್ಯಾಪ್ ಹಾಕಿದ. ‘ಅವರ ಮನೆಯವರು ಇದ್ದರೆ ದಯವಿಟ್ಟು ಹೇಳಿ, ಒಂದು ವಿಷಯ ಕೇಳಬೇಕು. ಇಲ್ಲಿ ಬರೆಯಲಾಗದು.’

“ಫ್ರಾಡ್ ಅತ್ತೆ ಇವನು. ಬ್ಲಾಕ್ ಮಾಡ್ಬಿಡ್ತೀನಿ” ಎಂದಳು ಮಧುಶ್ರೀ.

“ಬೇಡ. ಪ್ರತಿಜ್ಞಾ ಪತ್ರ ಅಂಚೇಲಿ ಕಳಿಸ್ತೀವಿ, ವಿಳಾಸ ಕೊಡಿ ಅಂತ ಬರಿ.”

“ಫಾರ್ಮ್ ತುಂಬೋನಲ್ಲ ಅವನು.”

“ನೀನು ಬರಿ.”

ಸಮಿತಿಗೆ ಜನರನ್ನು ಸೇರಿಸಲೆಂದು ಹೆಣೆದ ಬಲೆಯನ್ನು ಮಂಗಳಮ್ಮ ಮೊದಲ ಸಲ ಒಬ್ಬನನ್ನು ಹಿಡಿಯಲೆಂದೇ ಎಸೆದರು. ಹುಡುಗ ಮರುದಿನವೇ ವಿಳಾಸ ಕೊಟ್ಟ. ಸಂಗಮ ಡಿಜಿಟಲ್ ಸ್ಟುಡಿಯೋ, ಬಸ್ ಸ್ಟ್ಯಾಂಡ್ ಹತ್ತಿರ, ಟಿ. ನರಸೀಪುರ.

ಫೋಟೋ ಇಳಿಸಿದ ಹದಿನೇಳನೆಯ ದಿನ, ಕಣ್ಣಿನ ಬ್ಯಾಂಕಿನಲ್ಲಿ ಮೀಟಿಂಗ್ ಇದೆ ಎಂದು ಸೊಸೆಗೆ ಸುಳ್ಳು ಹೇಳಿ ಮಂಗಳಮ್ಮ ಟಿ. ನರಸೀಪುರದ ಬಸ್ಸು ಹತ್ತಿದರು. ಬ್ಯಾಗಿನಲ್ಲಿ ಗಂಡನ ನೌಕರಿ ಕಾಲದ ಗುರುತಿನ ಚೀಟಿ ಇತ್ತು, ಹುಡುಗನ ಕಿವಿ ಮೂಗಿನೊಂದಿಗೆ ತಾಳೆ ನೋಡಲು. ಗಂಗಾಧರಸ್ವಾಮಿಯವರ ಕಿವಿ ಮೊರದಂಥವು, ಮುಚ್ಚಿಡಲು ಆಗುವಂಥವಲ್ಲ. ಸುತ್ತೂರಿನಲ್ಲಿ ಶಾಲೆಯ ಮಕ್ಕಳ ಒಂದು ಹಿಂಡು ಹತ್ತಿತು. ಒಬ್ಬ ಹುಡುಗಿ, “ಟೀಚರ್, ಇಲ್ಲಿ ಕೂತ್ಕೊಳಿ” ಎಂದು ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಟೀಚರೆಂದು ಮುಖ ನೋಡಿಯೇ ಗೊತ್ತಾಗುತ್ತದಂತೆ. ಇಷ್ಟು ವರ್ಷ ತನ್ನ ಗಂಡನ ಮುಖ ನೋಡಿ ತನಗೇಕೆ ಏನೂ ಗೊತ್ತಾಗಲಿಲ್ಲ ಎಂದು ಮಂಗಳಮ್ಮ ಕಿಟಕಿಯ ಕಡೆ ತಿರುಗಿಕೊಂಡರು. ಅವನು ಮಗನೇ ಆಗಿದ್ದರೆ ಏನು ಮಾಡುವುದೆಂದು ಅವರು ಯೋಚಿಸಿರಲಿಲ್ಲ. ಆಗಿದ್ದರೆ ಮೂವತ್ತು ವರ್ಷದ ಸಂಸಾರದಲ್ಲಿ ತನ್ನದೆನ್ನುವುದು ಏನೂ ಉಳಿಯುವುದಿಲ್ಲ ಎಂಬುದಷ್ಟೇ ಗೊತ್ತಿತ್ತು.

ಸ್ಟುಡಿಯೋ ಒಂದು ಬಾಗಿಲಿನ ಅಂಗಡಿ. ಗಾಜಿನೊಳಗೆ ಮದುವೆಯ ಫೋಟೋಗಳು, ನಾಮಕರಣದ ಫೋಟೋಗಳು. ಮಂಗಳಮ್ಮ ಮೆಟ್ಟಿಲು ಹತ್ತಿ ಒಳಗೆ ನೋಡಿದವರು ಅಲ್ಲೇ ನಿಂತುಬಿಟ್ಟರು. ಕಂಪ್ಯೂಟರಿನ ಮೇಲಿನ ಗೋಡೆಯಲ್ಲಿ, ದೇವರ ಪಟದ ಪಕ್ಕದಲ್ಲಿ, ಕಟ್ಟು ಹಾಕಿಸಿದ ಗಂಗಾಧರಸ್ವಾಮಿ ಕೂತಿದ್ದಾರೆ. ಆಲ್ಬಮ್ಮಿನಲ್ಲಿದ್ದ ಅದೇ ಫೋಟೋ, ದೊಡ್ಡದು ಮಾಡಿದ್ದು. ಮೇಲೆ ಆ ಬೆಳಿಗ್ಗೆ ಹಾಕಿದ ಮಲ್ಲಿಗೆ.

ತಂದೆಯಲ್ಲದವರ ಫೋಟೋಗೆ ಯಾರು ದಿನಾ ಹೂವು ಹಾಕುತ್ತಾರೆ? ಮಂಗಳಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಕಪ್ಪು ಕನ್ನಡಕದ ತೆಳ್ಳನೆಯ ಹುಡುಗ ಎದ್ದು ಸ್ಟೂಲು ಎಳೆದ. “ಬನ್ನಿ ಅಮ್ಮ, ಪಾಸ್‌ಪೋರ್ಟ್ ಸೈಜಾ?”

“ಆ ಫೋಟೋದಲ್ಲಿರೋರು ನಿನಗೆ ಏನಾಗಬೇಕು?”

ಧ್ವನಿ ಅವರಿಗೇ ಗುರುತು ಸಿಗದಷ್ಟು ಕಟುವಾಗಿತ್ತು. ಹುಡುಗ ಗೋಡೆ ನೋಡಿದ, ಅವರನ್ನು ನೋಡಿದ. “ನೀವ್ಯಾರು ಅಮ್ಮ?”

“ಅವರ ಹೆಂಡತಿ. ಕಟ್ಟಿಕೊಂಡ ಹೆಂಡತಿ. ಈಗ ಹೇಳು, ಏನಾಗಬೇಕು?”

ಹುಡುಗ ಬಗ್ಗಿ ಅವರ ಎರಡೂ ಪಾದ ಮುಟ್ಟಿದ. ಮಂಗಳಮ್ಮ ಬೆಂಕಿ ತಗುಲಿದವರಂತೆ ಕಾಲು ಹಿಂದಕ್ಕೆಳೆದುಕೊಂಡರು. ಎದ್ದು ನಿಂತ ಅವನು ಕನ್ನಡಕ ತೆಗೆದ. ಕಿವಿಗಳು ಚಿಕ್ಕವು, ತಲೆಗೆ ಅಂಟಿಕೊಂಡಂಥವು. ಆದರೆ ಮಂಗಳಮ್ಮ ಕಿವಿ ನೋಡುತ್ತಿರಲಿಲ್ಲ. ಎಡಗಣ್ಣು ಎಲ್ಲರದರಂತೆಯೇ ಇತ್ತು. ಬಲಗಣ್ಣಿನ ಕಪ್ಪಿನ ಸುತ್ತ ಕೂದಲೆಳೆಯಂಥ ಹೊಲಿಗೆಯ ಗುರುತುಗಳು ಒಂದು ಸುತ್ತು ಬಂದಿದ್ದವು. ಇಂಥ ಕಣ್ಣನ್ನು ಅವರು ಬ್ಯಾಂಕಿನವರು ತೋರಿಸಿದ ಚಿತ್ರಗಳಲ್ಲಿ ಎಷ್ಟು ಸಲ ನೋಡಿರಲಿಲ್ಲ!

“ಒಂಬತ್ತು ವರ್ಸದಲ್ಲಿ ಕಣದಲ್ಲಿ ಬತ್ತದ ಊಬು ಚುಚ್ಚಿ ಓದ ಕಣ್ಣು ಅಮ್ಮ ಇದು. ಯಾರೋ ಏಳುದ್ರು ಅಂತ ಗಿಡದ ಆಲು ಬುಟ್ರು, ಪೂರ್ತಿ ಬೆಳ್ಳಗಾಗೋಯ್ತು. ಅದಿಮೂರು ವರ್ಸ ಒಂದೇ ಕಣ್ಣು. ಎರಡ್ಸಾವಿರದ ಆರು, ಪೆಬ್ರವರಿ ಅನ್ನೆರಡಕ್ಕೆ ಮೈಸೂರಲ್ಲಿ ಆಪ್ರೇಸನ್ ಆಯ್ತು. ನಿನ್ನೆ ನಂಜನಗೂಡು ಕಡೆಯಿಂದ ಕಣ್ಣು ಬಂತಂತೆ, ನಿನ್ ಅದೃಷ್ಟ ಅಂತ ಪಕ್ಕದ ಮಂಚದೋನು ಅಂದ. ಡಾಕ್ಟ್ರು ಕೇಳಿದ್ರೆ, ಅದೆಲ್ಲ ಕೇಳಬಾರ್ದು ಅಂದ್ರು. ನಾನೂ ಸುಮ್ಕಾದೆ. ಓದ ತಿಂಗಳು ನಿಮ್ಮ ಆಲ್ಬಂ ನೋಡ್ದಾಗ ಅದರಲ್ಲಿ ಅನ್ನೊಂದನೇ ತಾರೀಕು ಅಂತಿತ್ತಲ್ಲ...” ಅವನು ಗೋಡೆಯ ಕಡೆ ಕೈ ತೋರಿಸಿದ. “ಕಣ್ಣು ಮುಚ್ಕೊಂಡಿರೋ ಪೋಟೋ ಅದು. ಬುಟ್ಕೊಂಡಿರೋದು ಒಂದಿದ್ರೆ ನೋಡಾನ ಅಂತ ಆಸೆ ಆಯ್ತು. ಅದಕ್ಕೇ ಬೇರೆ ಪೋಟೋ ಕೇಳ್ದೆ.”

“ಇದನ್ನ ಅಲ್ಲೇ ಬರೀಬಹುದಿತ್ತಲ್ಲ?”

“ಎಲ್ರೂ ಓದ್ತಾರಲ್ಲ ಅಮ್ಮ ಸ್ಕ್ರ್ಯಾಪ್ನ. ನಿಮಗೆ ತೊಂದ್ರೆ ಆದದು ಅಂತ.”

“ಮಕ್ಕಳೆಷ್ಟು ಅಂತ ಕೇಳಿದ್ಯಲ್ಲ, ಅದ್ಯಾಕೆ?”

“ಮಕ್ಕಳಿದ್ರೆ ಅವರನ್ನ ಒಂದ್ಮಾತು ಕೇಳಬೇಕಿತ್ತು, ಅಪ್ಪಾಜಿ ಪೋಟೋ ನಮ್ಮಂಗಡೀಲಿ ಆಕ್ಕೊಂಡಿದೀನಿ, ಪರವಾಗಿಲ್ವಾ ಅಂತ. ಕೇಳದೇ ಆಕ್ಕೊಂಡಿದ್ದು ತಪ್ಪೇಯ.”

ಮಂಗಳಮ್ಮ ಸ್ಟೂಲಿನ ಮೇಲೆ ಕೂತರು. ದಿನಾಂಕ ಬರೆಸಿದ್ದು ತಾವೇ ಎಂಬುದು ಆಗ ತಲೆಗೆ ಹೋಯಿತು. ಅದರ ಬೆನ್ನಿಗೇ ಇನ್ನೊಂದು ಮಾತೂ ನೆನಪಾಯಿತು. ಆ ದಿನ ನಂಜನಗೂಡು ಕಡೆಯಿಂದ ಕಣ್ಣು ಕೊಟ್ಟವರು ಇಬ್ಬರು. ಕಳಲೆಯ ಕೆಂಪಾಜಮ್ಮ ಎಂಬ ಮುದುಕಿಯದೂ ಅದೇ ಸಂಜೆ ಹೋಗಿತ್ತು. ಫೋಟೋ ಕಂಪ್ಯೂಟರಿಗೆ ಹಾಕಬೇಡಿ ಎಂದು ಅವಳ ಮಕ್ಕಳು ಹೇಳಿದ್ದರಿಂದ ಆಲ್ಬಮ್ಮಿನಲ್ಲಿ ಅವಳಿರಲಿಲ್ಲ. ಹುಡುಗ ಹೂವು ಹಾಕುತ್ತಿರುವುದು ತನ್ನ ಕಣ್ಣಿಗೆ ಸಂಬಂಧವೇ ಇಲ್ಲದ ಮನುಷ್ಯನಿಗೂ ಇರಬಹುದು. ಹೇಳದೆ ಎದ್ದುಹೋಗಬಹುದಿತ್ತು. ಆದರೆ ಸುಳ್ಳಿನ ಜೊತೆ ಹದಿನೇಳು ದಿನ ಕಳೆದವರಿಗೆ ಇನ್ನೊಂದು ಬೇಡವೆನ್ನಿಸಿತು.

“ನೋಡಪ್ಪ, ಆ ದಿನ ಇಬ್ಬರು ಕೊಟ್ಟಿದ್ರು. ಇನ್ನೊಬ್ಬರ ಹೆಸರು ನಾನು ಹೇಳೋ ಹಾಗಿಲ್ಲ. ನಿನಗೆ ಬಂದಿದ್ದು ಯಾರದೋ ನನಗೂ ಗೊತ್ತಿಲ್ಲ. ಇವರದೇ ಅಂತ ತಿಳ್ಕೋಬೇಡ.”

ಅಮೃತೇಶ ಫೋಟೋದ ಮೇಲಿನ ಮಲ್ಲಿಗೆಯನ್ನು ಸರಿಮಾಡಿದ. “ಇರಲಿ ಬುಡಿ ಅಮ್ಮ. ಇವರೂ ಯಾರಿಗೋ ಕೊಟ್ಟೋರೇ ತಾನೆ? ಇನ್ನೊಬ್ಬರ ಪೋಟೋ ಕೊಡಕಾಗಕಿಲ್ಲ ಅಂದ್ರೆ ಬ್ಯಾಡ. ಅವರ ಲೆಕ್ಕಕ್ಕೆ ಇಲ್ಲೇ ಇನ್ನೊಂದು ಮೊಳ ಊವ ಎಚ್ಚಾಗೇ ಆಕ್ತೀನಿ.”

ಅವನ ಮುಖದಲ್ಲಿ ನಿರಾಸೆ ಕಾಣಲಿಲ್ಲ, ಲೆಕ್ಕಾಚಾರವೂ ಕಾಣಲಿಲ್ಲ. ಎರಡು ಸಾಲು ಕೇಳಿ ತಾವು ಒಂದು ಸಂಸಾರವನ್ನೇ ಅಗೆದು ಹಾಕಿದ್ದರು. ಇವನು ಒಂದು ದಿನಾಂಕ ಓದಿ ಗುರುತಿಲ್ಲದವರಿಗೆ ಮಲ್ಲಿಗೆ ತಂದ. ಮಂಗಳಮ್ಮನವರಿಗೆ ನಾಚಿಕೆಯಾಯಿತು. ಸೆರಗು ಬಾಯಿಗೆ ಒತ್ತಿಕೊಂಡರೂ ಅಳು ನಿಲ್ಲಲಿಲ್ಲ. ಗಂಡ ಸತ್ತ ದಿನ ಕಣ್ಣಿನವರನ್ನು ಕರೆಸುವ ಗಡಿಬಿಡಿಯಲ್ಲಿ ಅಳಲೂ ಆಗಿರಲಿಲ್ಲ. ಈಗ ಗುರುತಿಲ್ಲದ ಅಂಗಡಿಯಲ್ಲಿ, ಮದುವೆಯ ಫೋಟೋಗಳ ನಡುವೆ ಕೂತು, ಬಿಕ್ಕಿ ಬಿಕ್ಕಿ ಅತ್ತರು.

ಹುಡುಗ ಗಾಬರಿಯಾಗಿ ನೀರು ತಂದುಕೊಟ್ಟ. “ನಾನೇನಾದ್ರೂ ತಪ್ಪು ಮಾತಾಡಿದ್ನಾ?”

“ನಾನು ನಿನ್ನನ್ನ ಅವರ ಮಗ ಅಂದ್ಕೊಂಡಿದ್ದೆ ಕಣಪ್ಪ. ಈ ಊರಲ್ಲಿ ಕೆಲಸಕ್ಕಿದ್ದಾಗ ಯಾರನ್ನೋ ಇಟ್ಕೊಂಡಿದ್ರು ಅಂತ. ಹದಿನೇಳು ದಿನದಿಂದ ಮನೇಲಿ ಅವರ ಫೋಟೋಗೆ ಹೂವಿಟ್ಟಿಲ್ಲ. ಇಳಿಸಿಬಿಟ್ಟಿದೀನಿ.”

ಅಮೃತೇಶ ನಗಲಿಲ್ಲ. “ನಮ್ಮಪ್ಪ ಗಟ್ಟಿಮುಟ್ಟಾಗವ್ರೆ ಅಮ್ಮ, ಗದ್ದೆತಾವ ಅವ್ರೆ” ಎಂದ. ಆಮೇಲೆ ಗೋಡೆಯ ಮೇಲಿನ ಮುಚ್ಚಿದ ಕಣ್ಣುಗಳನ್ನು ನೋಡಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ. “ಅಂಗೆ ಅನ್ಕೊಳಂಥ ಮನುಸ್ರಾ ಅಮ್ಮ ಇವರು?”

ಈ ಪ್ರಶ್ನೆಯನ್ನು ಮಂಗಳಮ್ಮನವರಿಗೆ ಯಾರೂ ಕೇಳಿರಲಿಲ್ಲ. ಟ್ರಂಕು ಬಗೆದು, ವರ್ಷ ಕೂಡಿ ಕಳೆದು, ಸುಳ್ಳು ಹೇಳಿ ಬಸ್ಸು ಹತ್ತಿ ಬಂದವರು ತಮ್ಮನ್ನು ತಾವೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡಿದ್ದರೆ ಮೊದಲ ಸಂಜೆಯೇ, ಸೈಬರ್ ಸೆಂಟರಿನ ಕುರ್ಚಿಯಲ್ಲೇ ಉತ್ತರ ಸಿಗುತ್ತಿತ್ತು.

“ಅಲ್ಲ ಕಣಪ್ಪ,” ಎಂದರು. “ಒಂದು ದಿನಾನೂ ಅಲ್ಲ.”